ತುಂಗಕ್ಕನ ಉಗುರು

ತುಂಗಕ್ಕನ ದಾಸವಾಳ ಅರಳಿದ ಮೇಲೆಯೇ ಸದಾಶಿವ ಪೇಠದ, ಹತ್ತಾರು ಸಂಸಾರಗಳ ಆ ವಾಡೆಯಲ್ಲಿ ಬೆಳಗಾಗುತ್ತಿತ್ತು. ಧಾರವಾಡದಿಂದ ಸೊಸೆಯಾಗಿ ಬಂದು ಮೂವತ್ತು ವರ್ಷವಾದರೂ ಆಕೆ ಗಿಡಗಳ ಜೊತೆ ಒಂದು ದಿನವೂ ಮರಾಠಿ ಆಡಿದವಳಲ್ಲ. ಅಂಗಳದ ಸುತ್ತ ಇಟ್ಟ ಸೀಮೆಎಣ್ಣೆ ಡಬ್ಬಿಗಳಲ್ಲಿ ಕೆಂಪು, ಬಿಳಿ ಹೂಗಳು ಇನ್ನೂ ಕನಸು ಕಾಣುತ್ತಿರುವಂತೆ ತೂಗುತ್ತಿರುವಾಗ, “ಏಳ್ರೆವಾ, ಗಣಪತಿ ಹಾದಿ ನೋಡ್ಲಿಕತ್ತಾನ” ಎಂದು ಎಬ್ಬಿಸಿ, ಅಪ್ಪಣೆ ಕೇಳಿಯೇ ಕೊಯ್ಯುವಳು. ಇಡೀ ವಾಡೆಯ ಅಕ್ಕಿ ತೊಳೆದ ನೀರು ಆಕೆಗೇ ಸಲ್ಲಬೇಕು. ಮೋರಿಗೆ ಚೆಲ್ಲಿದವರ ದೇವರಿಗೆ ಮರುದಿನ ಹೂವಿಲ್ಲ. ಯಾರ ಗಿಡ ಬಾಡಿದರೂ ಆಕೆಯೇ ವೈದ್ಯೆ. ಹೆಬ್ಬೆರಳ ಉಗುರಿನಿಂದ ತೊಗಟೆ ಕೊಂಚ ಕೆರೆದು, ಒಳಗೆ ಹಸಿರು ಕಂಡರೆ “ಜೀವ ಅದ ರೀ” ಎನ್ನುವಳು. ಕಾಣದಿದ್ದರೆ “ಹೋತು, ಕಿತ್ತು ಒಗೀರಿ” ಎಂದು ಮುಲಾಜಿಲ್ಲದೆ ಹೇಳುವಳು. ಆ ಉಗುರಿನ ತೀರ್ಪು ಒಮ್ಮೆಯೂ ಸುಳ್ಳಾಗಿರಲಿಲ್ಲ. ಹೀಗಿದ್ದೂ ತುಳಸಿಕಟ್ಟೆಯ ಮಗ್ಗುಲಿನ ಡಬ್ಬಿಯಲ್ಲಿ ಎಲೆಯೇ ಇಲ್ಲದ ಒಂದು ಒಣಕಡ್ಡಿ ನಿಂತಿತ್ತು, ದಿನದ ಮೊದಲ ತಂಬಿಗೆ ನೀರು ಅದಕ್ಕೇ. ಎರಡು ವರ್ಷದ ಹಿಂದೆ ಮಗ ಪ್ರಾಣೇಶ ಅದನ್ನು ನೆಟ್ಟು ಬರ್ಮಾದ ಯುದ್ಧಕ್ಕೆ ಹೋಗಿದ್ದ. ಅವನ ಕಾಗದ ನಿಂತು ವರ್ಷವಾಗಿತ್ತು. ಪಕ್ಕದ ಮನೆಯ ಇಂದೂ ಎಂಬ ಹೊಸ ಸೊಸೆ ಇದೇನೂ ತಿಳಿಯದೆ, ಆಕೆಯಿಂದಲೇ ಕಲಿತಂತೆ ಕಡ್ಡಿಗೆ ಉಗುರು ತಾಗಿಸಹೋದಾಗ ತುಂಗಕ್ಕ ಅವಳ ಕೈ ಮೆಲ್ಲನೆ ಹಿಡಿದಳು. “ಅದನ್ನ ಕೆರೀಬ್ಯಾಡ ನನ್ನವ್ವಾ,” ಎಂದಳು, “ನೀರಷ್ಟ ಹಾಕು.”