‘ಮತ್ತೆ ಬನ್ನಿ’ ಎನ್ನದ ಮನೆ

ನಾನು ಕೆಲಸ ಮಾಡುವ ಕಚೇರಿಯಲ್ಲಿ ಯಾರಿಗೂ ‘ಮತ್ತೆ ಬನ್ನಿ’ ಎನ್ನುವುದಿಲ್ಲ. ಸೊಕ್ಕಿನಿಂದಲ್ಲ. ಕಾಶಿಯ ಜಂಗಮವಾಡಿಯ ಹತ್ತಿರದ ಗಲ್ಲಿಯೊಂದರಲ್ಲಿರುವ ನಮ್ಮ ವಸತಿಗೃಹಕ್ಕೆ ಕರ್ನಾಟಕದಿಂದ ಬರುವವರಲ್ಲಿ ಹೆಚ್ಚಿನವರು ಅಸ್ಥಿ ಹಿಡಿದುಕೊಂಡು ಬರುತ್ತಾರೆ. ಕೋಣೆ, ದೋಣಿ, ಪುರೋಹಿತರು, ಊಟ, ಆಮೇಲೆ ಪ್ರಯಾಗ, ಗಯಾ, ಎಲ್ಲದರ ಏರ್ಪಾಟೂ ನಮ್ಮದೇ. ಕಾರ್ಯ ಮುಗಿಸಿ ಹೊರಟವರಿಗೆ ಕೈಮುಗಿಯುತ್ತೇವೆ, ಅಷ್ಟೆ. ಸಾವಾದ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನಬಾರದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮದಂತೂ ದಿನವೂ ಸಾವಾದ ಮನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಬಾಯಿತಪ್ಪಿ ‘ಬರ್ತಾ ಇರಿ’ ಎಂದರೆ ನಾನು ಕಣ್ಣಲ್ಲೇ ಸುಡುತ್ತೇನೆ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಇನ್ನೊಂದು ಪದ್ಧತಿಯೂ ಇತ್ತು. ಕೋಣೆಯನ್ನು ತೀರಿಕೊಂಡವರ ಹೆಸರಿನಲ್ಲೇ ಬರೆದುಕೊಳ್ಳುತ್ತಿದ್ದೆವು. ಇವತ್ತು ಮಗ ಬಂದರೆ ನಾಳೆ ಅಳಿಯ ಬಂದು ಸೇರಿಕೊಳ್ಳುತ್ತಾನೆ, ನಾಡಿದ್ದು ತಮ್ಮ ರೈಲು ಇಳಿಯುತ್ತಾನೆ. ಇವರ ನಡುವೆ ಬದಲಾಗದೆ ಉಳಿಯುವ ಹೆಸರು ಒಂದೇ. ಸಂಕಲ್ಪಕ್ಕೆ ಪುರೋಹಿತರಿಗೆ ಬೇಕಾಗುವುದೂ ಅದೇ. ಫೋನ್ ನಂಬರು ಕೇಳಿದರೆ ಬಹಳ ಮಂದಿ ಸತ್ತವರ ನಂಬರನ್ನೇ ಹೇಳುತ್ತಿದ್ದರು. ಬ್ಯಾಂಕು, ಗ್ಯಾಸು, ಪಿಂಚಣಿ ಎಲ್ಲವೂ ಅದಕ್ಕೇ ಅಂಟಿಕೊಂಡಿರುವುದರಿಂದ ಮನುಷ್ಯ ಹೋದರೂ ಫೋನು ಹೋಗುವುದಿಲ್ಲ. ಮನೆಯವರ ಕೈಯಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಒಂದು ಫೋನು ಬದುಕಿತ್ತು. ನನ್ನ ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಲೋಹಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಅವರ ಬೆನ್ನು ಹಿಡಿದು ಧಾರವಾಡದಿಂದ ಬಂದವಳು ನಾನು. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಅವಳ ಬಾಯಲ್ಲಿ ಹಿಂದಿ ನೀರಿನ ಹಾಗೆ ಬರುತ್ತದೆ, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಚಿಕ್ಕವಳಿದ್ದಾಗ ಸ್ಕೂಲಿಗೆ ಹೊರಡುವಾಗೆಲ್ಲ ಹಿಂದಿಯ ಲೆಕ್ಕದಲ್ಲಿ “ಅಪ್ಪಾ, ನಾ ಹೋಗ್ತೀನಿ” ಎನ್ನುತ್ತಿದ್ದಳು. ಅವರು ಓದುತ್ತಿದ್ದ ಪೇಪರು ಕೆಳಗಿಟ್ಟು, “ಹೋಗ್ತೀನಿ ಅನಬಾರದವ್ವ, ಬರ್ತೀನಿ ಅನಬೇಕು” ಎಂದು ತಿದ್ದುತ್ತಿದ್ದರು. ಅವಳು ಬಾಗಿಲಿಗೆ ವಾಪಸು ಬಂದು, ಬರ್ತೀನಿ ಎಂದು ಕೂಗಿಯೇ ಮೆಟ್ಟಿಲಿಳಿಯಬೇಕು. ಅವರು ಮಾತ್ರ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಹೋಗ್ತೀನಿ ಎಂದೂ ಅನ್ನಲಿಲ್ಲ, ಬರ್ತೀನಿ ಎಂದೂ ಅನ್ನಲಿಲ್ಲ.

ಮಣಿಕರ್ಣಿಕಾದಲ್ಲಿ ಕಾರ್ಯವಾಯಿತು. ಊರಿನಿಂದ ಬಂದ ಮೈದುನಂದಿರು ಇದೇ ವಸತಿಗೃಹದಲ್ಲಿ ಇಳಿದಿದ್ದರು, ಪದ್ಧತಿಯಂತೆ ಅವರ ಅಣ್ಣನ ಹೆಸರಿನ ಕೋಣೆಯಲ್ಲಿ. ಇದರ ಮಾಲೀಕರು ಮೂರು ತಲೆಮಾರಿನಿಂದ ಕಾಶಿಯಲ್ಲಿರುವ ಕನ್ನಡಿಗರು. ಎಲ್ಲ ಮುಗಿದ ಮೇಲೆ, “ಅಕ್ಕಾವ್ರೆ, ಊರಿಗೆ ವಾಪಸ್ ಹೋಗಿ ಏನು ಮಾಡ್ತೀರಿ? ನಮ್ಮ ದಫ್ತರ್ ನೋಡಿಕೊಳ್ಳಿ” ಎಂದರು. ಅಂದಿನಿಂದ ನೋಡಿಕೊಳ್ಳುತ್ತಿದ್ದೇನೆ.

ಲೆಕ್ಕಪತ್ರವನ್ನೆಲ್ಲ ಇಂಟರ್ನೆಟ್ಟಿನಲ್ಲಿಡುವ ಕ್ಲೌಡಿನ ಮಾತು ಬಂದದ್ದು ಗಂಗೆಯಿಂದ. ಮಳೆಗಾಲದಲ್ಲಿ ನೀರು ಗಲ್ಲಿಯ ಕಡೆ ಏರಿದಾಗಲೆಲ್ಲ ನಾವು ಕಂಪ್ಯೂಟರನ್ನು ಕೂಸಿನ ಹಾಗೆ ಎತ್ತಿಕೊಂಡು ಮಹಡಿಗೆ ಓಡುತ್ತಿದ್ದೆವು. ಒಂದು ವರ್ಷ ಓಡುವುದು ತಡವಾಯಿತು. ಅದೂ ಅಲ್ಲದೆ ಪ್ರಯಾಗದಲ್ಲೂ ಗಯಾದಲ್ಲೂ ನಮ್ಮ ವಸತಿಗೃಹಗಳಿವೆ. ಇಲ್ಲಿಂದ ಹೊರಟವರು ಅಲ್ಲಿ ಇಳಿದು, ಸತ್ತವರ ಹೆಸರು, ಗೋತ್ರ, ಸತ್ತ ತಿಥಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಗಂಡನ ಹೆಸರನ್ನು ಊರೂರಲ್ಲಿ ಹೊಸಬರಿಗೆ ಬಿಡಿಸಿ ಹೇಳುವುದು ಎಂಥ ಹಿಂಸೆಯೆಂದು ನನಗೆ ಗೊತ್ತು. ಒಮ್ಮೆ ಹೇಳಿದ್ದು ಮೂರೂ ಕಡೆ ಕಾಣಬೇಕು ಎಂದು ಮಾಲೀಕರನ್ನು ಒತ್ತಾಯಿಸಿದವಳು ನಾನೇ. ಆ ಮಟ್ಟಿಗೆ ಕ್ಲೌಡು ನಮಗೆ ಬೇಕಾಗಿಯೇ ಇತ್ತು.

ಲಖನೌದಿಂದ ಒಬ್ಬ ಸಲಹೆಗಾರ ಬಂದ. ಚುರುಕಾದ ಮನುಷ್ಯ. ಕಂಪ್ಯೂಟರು ತೆಗೆಯುವ ಮೊದಲೇ ಮಾಲೀಕರನ್ನು ಹಿಂದಿಯಲ್ಲಿ, ನಿಮ್ಮ ಸಂಸ್ಥೆಯ ಗುರಿ ಏನು ಎಂದು ಕೇಳಿದ. ಗುರಿ ತಿಳಿಯದೆ ಕ್ಲೌಡಿಗೆ ಹೋಗುವವರು ಟಿಕೆಟ್ ಕೊಂಡ ಮೇಲೆ ಊರು ಹುಡುಕುವವರಿದ್ದಂತೆ ಎಂದ. ಈ ಮಾತು ನನಗೆ ಹಿಡಿಸಿತು. ಮಾಲೀಕರು “ಬಂದವರ ಕೆಲಸ ನೆಟ್ಟಗಾಗಬೇಕು, ಮತ್ತೆ ಅವರಿಗೆ ಇಲ್ಲಿಗೆ ಬರುವ ಪ್ರಸಂಗ ಬರಬಾರದು” ಎಂದರು. ಸಲಹೆಗಾರ ಇದು ತಮಾಷೆಯೆಂದುಕೊಂಡು ನಕ್ಕ. ವ್ಯವಹಾರದ ಬೆಳವಣಿಗೆ ಎಂದು ಬರೆದುಕೊಂಡ. ಹೋಟೆಲುಗಳಿಗೆಂದೇ ಸಿದ್ಧವಾಗಿದ್ದ ವ್ಯವಸ್ಥೆಯೊಂದನ್ನು ತಂದು ಕೂರಿಸಿದ. ಮೂಗಿಗಿಂತ ಮೂಗುತಿ ಭಾರ. ಅತಿಥಿಗೆ ಸ್ವಾಗತ, ಅತಿಥಿಗೆ ಹುಟ್ಟುಹಬ್ಬದ ಶುಭಾಶಯ, ಅತಿಥಿಯ ಇಷ್ಟಾನಿಷ್ಟ, ಏನುಂಟು ಏನಿಲ್ಲ!

ಸತ್ತವರ ಹೆಸರುಗಳೆಲ್ಲ ಹೊಸ ವ್ಯವಸ್ಥೆಯಲ್ಲಿ ಅತಿಥಿಗಳ ಜಾಗಕ್ಕೆ ಹೋಗಿ ಕೂತವು. ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ನಮಗೆ ಅದು ಉಸಿರಾಟದಷ್ಟು ಸಹಜವಾಗಿದ್ದ ಪದ್ಧತಿ, ಹೇಳಬೇಕೆಂದು ಹೊಳೆಯಲೇ ಇಲ್ಲ. ಕೆಲವು ತಿಂಗಳ ಮೇಲೆ ಅವನು ಮತ್ತೆ ಬಂದು ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿದ. ನಿಮ್ಮಲ್ಲಿಗೆ ಬಂದ ಅತಿಥಿಗಳಲ್ಲಿ ಒಬ್ಬನೇ ಒಬ್ಬನೂ ಎರಡನೇ ಸಲ ಬಂದಿಲ್ಲ, ಇಂಥ ಸಂಸ್ಥೆಯನ್ನು ನಾನು ಎಲ್ಲೂ ಕಂಡಿಲ್ಲ ಎಂದ. ಮಾಲೀಕರ ಮುಖ ಸಣ್ಣಗಾಯಿತು. ಅವರಿಗೆ ತಮ್ಮ ಅನ್ನದ ಬಗ್ಗೆ, ಹಾಸಿಗೆಯ ಬಗ್ಗೆ ಅನುಮಾನ ಹತ್ತಿತು. ನನಗೂ ಆ ಕ್ಷಣಕ್ಕೆ ಅವಮಾನವೇ ಆಯಿತೇ ಹೊರತು, ಆ ಹೆಸರಿನವರು ಯಾಕೆ ಮರಳಿ ಬಂದಿಲ್ಲವೆಂದು ತಲೆಗೆ ಹೋಗಲಿಲ್ಲ. ದೂರವಾದ ಅತಿಥಿಗಳನ್ನು ಹತ್ತಿರ ಕರೆಯುವ ಏರ್ಪಾಟು ಇದರಲ್ಲೇ ಇದೆ, ಸಂದೇಶ ಅವರವರ ಭಾಷೆಯಲ್ಲೇ ಹೋಗುತ್ತದೆ ಎಂದ ಸಲಹೆಗಾರ. ಮಾಲೀಕರು ಹೂಂ ಎಂದರು.

ಮರುದಿನ ಬೆಳಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದೆ. ಕಪಾಟಿನ ಮೇಲೆ ಚಾರ್ಜಿಗೆ ಹಾಕಿದ್ದ ನನ್ನ ಗಂಡನ ಫೋನು ಸದ್ದು ಮಾಡಿತು. ಕರೆಂಟ್ ಬಿಲ್ಲು ಇರಬೇಕೆಂದು ಕೈ ಒರೆಸಿಕೊಂಡು ತೆಗೆದೆ. ‘ಮಾನ್ಯರೇ’ ಎಂದು ಅವರ ಪೂರ್ತಿ ಹೆಸರು. ‘ನಿಮ್ಮನ್ನು ನೋಡಿ ಬಹಳ ದಿನಗಳಾದವು. ಮತ್ತೆ ಬನ್ನಿ. ನಿಮ್ಮ ಕೋಣೆ ನಿಮಗಾಗಿ ಕಾಯುತ್ತಿದೆ.’

ಒಲೆಯ ಮೇಲೆ ಸಾಸಿವೆ ಸೀದು ಹೋಯಿತು. ಎಲ್ಲಿಂದ ಬಂತು, ಹೇಗೆ ಬಂತು ಎಂದು ನನಗೆ ಮರುಕ್ಷಣವೇ ತಿಳಿಯಿತು, ನಾನು ದಡ್ಡಿಯಲ್ಲ. ಆದರೂ ಹೇಳಿಬಿಡುತ್ತೇನೆ, ಭಯದ ಬೆನ್ನಿಗೇ ಸಂತೋಷವಾಯಿತು. ಅವರ ಹೆಸರು ಹಿಡಿದು ಯಾರೋ ‘ಬನ್ನಿ’ ಎಂದಿದ್ದರು. ಎಷ್ಟು ವರ್ಷವಾಗಿತ್ತು, ಆ ಹೆಸರಿಗೆ ‘ದಿವಂಗತ’ ಎಂಬುದು ಅಂಟಿಕೊಳ್ಳದೆ. ನಾನು ಅದನ್ನು ಅಳಿಸಲಿಲ್ಲ.

ಕಚೇರಿಗೆ ಹೋದರೆ ಫೋನಿನ ಮೇಲೆ ಫೋನು. ಬೆಳಗಾವಿಯಿಂದ, ಮೈಸೂರಿನಿಂದ, ಬಳ್ಳಾರಿಯಿಂದ ಬೈಗುಳ. ಒಬ್ಬರು ಸುಮ್ಮನೆ ಅತ್ತು ಇಟ್ಟುಬಿಟ್ಟರು. ಪರದೆಯ ಮೇಲೆ ಒಂದೊಂದೇ ಹೆಸರಿನ ಮುಂದೆ ನೀಲಿ ಗುರುತು ಮೂಡುತ್ತಿತ್ತು, ಸಂದೇಶ ಓದಿದ್ದಾರೆ ಎಂದು. ನನ್ನ ಕಣ್ಣೆದುರಿಗೆ ಸತ್ತವರು ಒಬ್ಬೊಬ್ಬರಾಗಿ ಓದುತ್ತಿದ್ದರು. ಮಾಲೀಕರು ಕುರ್ಚಿಯಲ್ಲಿ ಕುಸಿದು, “ಬಂದ್ ಮಾಡಿಸಿ ಅಕ್ಕಾವ್ರೆ, ತುರಂತ್ ಬಂದ್ ಮಾಡಿಸಿ” ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿಲ್ಲಿಸಿದೆವು. ಅಷ್ಟರಲ್ಲಿ ಒಂದು ಹೆಸರಿನಿಂದ ಉತ್ತರ ಬಂದಾಗಿತ್ತು: ‘ಬರ್ತೀನಿ.’ ವ್ಯವಸ್ಥೆ ಆ ಹೆಸರಿಗೆ ಕೋಣೆ ಕಾದಿರಿಸಿ, ಪಕ್ಕದಲ್ಲೊಂದು ನಕ್ಷತ್ರ ಹಾಕಿ, ‘ಮರಳಿ ಬಂದ ಮೊದಲ ಅತಿಥಿ’ ಎಂದು ಬರೆದಿತ್ತು. ಆ ಮನೆಗೆ ಎಷ್ಟು ಸಲ ಫೋನು ಮಾಡಿದರೂ ಯಾರೂ ಎತ್ತಲಿಲ್ಲ.

ಆ ವಾರದ ಕೊನೆಗೆ ಅವಳು ಬಂದಳು. ನಲವತ್ತು ದಾಟಿರದ ಹೆಂಗಸು, ಗದಗದ ಕಡೆಯವಳು, ಒಬ್ಬಳೇ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಗಂಡಸರ ದೊಡ್ಡ ಫೋನು. ನನ್ನ ಮೇಜಿನ ಮುಂದೆ ಕೂತು ಆ ಸಂದೇಶ ತೆಗೆದು ತೋರಿಸಿದಳು. ಅದು ಅವಳ ಗಂಡನ ಹೆಸರು, ‘ಬರ್ತೀನಿ’ ಎಂದು ಉತ್ತರಿಸಿದ್ದವಳು ಅವಳೇ.

“ಅವರು ಇಲ್ಲಂತ ನನಗೂ ಗೊತ್ತೈತ್ರಿ ಅಕ್ಕಾರ,” ಎಂದಳು. “ಅಸ್ಥಿ ಬಿಡೂಮುಂದ ನಾನೂ ದೋಣ್ಯಾಗ ಕುಂತಿದ್ನಿ. ಆದ್ರ ಕೋಣಿ ಕಾಯಾಕತ್ತೈತಿ ಅಂತ ಬರದೀರಿ. ಅಂದ್ರ ಅವರು ಇನ್ನೂ ಇಲ್ಲೇ ಉಳಿದಾರೇನ್ರಿ? ಕಾರ್ಯದಾಗ ಏನರ ಕಡಿಮಿ ಆಗೇತೇನ್ರಿ?”

ನಾನು ನೀರು ತರಿಸಿ ಕೊಟ್ಟೆ. ಆಗಿದ್ದನ್ನು ಆಗಿದ್ದ ಹಾಗೇ ಹೇಳಿದೆ. “ಕಾರ್ಯ ನೆಟ್ಟಗಾಗ್ಯದ ತಂಗಿ. ಇದನ್ನ ಬರದದ್ದು ಮಷೀನು, ಮನಷ್ಯಾರಲ್ಲ. ನಮ್ಮ ಮನಿಗೂ ಹಿಂಗ ಬಂತು, ನಮ್ಮವರ ಹೆಸರಿಗೆ.”

“ಮಷೀನಿಗೆ ಅವರ ಹೆಸರ ಯಾರು ಹೇಳಿದ್ರಿ?”

“ನಾವಽ.”

“ಹಂಗಾರ ಹಿಡಕೊಂಡಾವ್ರು ನೀವಽ ಅಂದಂಗಾತು. ಬಿಟ್ಟಬಿಡ್ರಿ ಅವರನ್ನ. ನನ್ನ ಕಣ್ಣಮುಂದ ಬಿಡ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪರದೆಯನ್ನು ಅವಳ ಕಡೆ ತಿರುಗಿಸಿದೆ. ಹೆಸರನ್ನು ಶಾಶ್ವತವಾಗಿ ತೆಗೆಯುವ ಗುಂಡಿಯೊಂದು ಮೂಲೆಯಲ್ಲಿತ್ತು, ಅದುವರೆಗೆ ನಾನು ಮುಟ್ಟಿರಲಿಲ್ಲ. ಒತ್ತಿದೆ. ಖಚಿತವೇ, ಮರಳಿ ತರಲಾಗದು ಎಂದು ಕೇಳಿತು. ಅವಳ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಹೆಸರು ಹೋಯಿತು, ನಕ್ಷತ್ರವೂ ಹೋಯಿತು. ಕೂಡಲೇ ಅವಳ ಕೈಯಲ್ಲಿದ್ದ ಫೋನು ನಡುಗಿತು. ಇನ್ನೇನು ಕಾದಿದೆಯೋ ಎಂದುಕೊಂಡೆ. ಅವಳು ನಿಧಾನವಾಗಿ, ಗಟ್ಟಿಯಾಗಿ ಓದಿದಳು: ‘ಮಾನ್ಯರೇ, ನೀವು ಕೇಳಿಕೊಂಡಂತೆ ನಿಮ್ಮ ಹೆಸರನ್ನು ತೆಗೆಯಲಾಗಿದೆ.’

“ಅವರಽ ಕೇಳ್ಕೊಂಡಾರಂತ್ರಿ,” ಎಂದಳು. ಇನ್ನೊಮ್ಮೆ ಓದಿದಳು. ರೈಲಿನಲ್ಲಿ ಎರಡು ದಿನ ಬಿಗಿಹಿಡಿದು ಬಂದಿದ್ದ ಮುಖ ಸಡಿಲಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಹೊಸ್ತಿಲ ಹತ್ತಿರ ನಿಂತು, “ನಿಮ್ಮ ಮನಿಯವರ್ನ ಬಿಟ್ಟೀರೇನ್ರಿ ಅಕ್ಕಾರ?” ಎಂದು ಕೇಳಿದಳು.

“ಇಲ್ಲ” ಎಂದೆ.

ನಾನು ಕೈಮುಗಿದೆ. ಅವಳು ತಿರುಗಿ ನೋಡದೆ ಗಲ್ಲಿಗೆ ಇಳಿದು ಹೋದಳು.

ಮಾಲೀಕರು ಸಲಹೆಗಾರನನ್ನು ಕರೆಸಿ, ತಾವು ಮೊದಲ ದಿನ ಹೇಳಿದ ಮಾತನ್ನೇ ಬರೆದುಕೊಳ್ಳಲು ಹೇಳಿದರು. ಈ ಸಲ ಅವನು ನಗಲಿಲ್ಲ, ಪಾಪ, ಅವನ ತಪ್ಪಾದರೂ ಎಷ್ಟು? ಈಗ ಕೋಣೆ ಬದುಕಿರುವವರ ಹೆಸರಿನಲ್ಲಿದೆ. ಸತ್ತವರ ಹೆಸರು, ಗೋತ್ರ, ತಿಥಿ ಮೂರು ಊರಿನ ಪುರೋಹಿತರಿಗೂ ಕಾಣುತ್ತದೆ. ಗಯಾದ ಕಾರ್ಯ ಮುಗಿಯಿತೆಂದು ಗುರುತು ಬಿದ್ದ ಮೇಲೆ ತಾನಾಗಿ ಅಳಿಸಿಹೋಗುತ್ತದೆ. ಯಾರನ್ನೂ ಮತ್ತೆ ಕರೆಯುವುದಿಲ್ಲ. ಹಳೆಯ ಹೆಸರುಗಳನ್ನು ಒಂದೇ ಏಟಿಗೆ ತೆಗೆದುಬಿಡಲೇ ಎಂದು ಅವನು ಕೇಳಿದಾಗ ನಾನು ಬೇಡವೆಂದೆ. ಒಂದೊಂದನ್ನೂ ಓದಿ, ಕೈಮುಗಿದು ನಾನೇ ತೆಗೆಯುತ್ತೇನೆ ಎಂದೆ. ಕೊನೆಗೆ ಹೋಗುವ ಆ ಒಂದು ಸಂದೇಶವನ್ನಾದರೂ ನಿಲ್ಲಿಸಲೇ ಎಂದ. ಅದೂ ಬೇಡ ಎಂದೆ. ಆ ಹೆಂಗಸಿನ ಮುಖ ನೋಡಿದವಳು ನಾನು, ಅವನಲ್ಲ.

ಊರೂರಿನ ಹೆಸರುಗಳು ಹೋದವು. ಆಮೇಲೆ ಯಾರೂ ಬೈಯಲು ಫೋನು ಮಾಡಲಿಲ್ಲ. ಕಡೆಗೆ ಒಂದೇ ಹೆಸರು ಉಳಿಯಿತು. ಅದನ್ನು ಬೇಕೆಂದೇ ಹಿಂದಕ್ಕೆ ಸರಿಸುತ್ತಾ ಬಂದಿದ್ದೆ. ಬೆಳಗ್ಗೆ ಕಚೇರಿಗೆ ಬಂದು ಚಹಾ ಕುಡಿಯುತ್ತಾ ಅದನ್ನು ತೆಗೆದು ನೋಡುತ್ತಿದ್ದೆ. ಅತಿಥಿಯ ಸ್ಥಿತಿ ಎಂಬಲ್ಲಿ ‘ನಿರೀಕ್ಷೆಯಲ್ಲಿ’ ಎಂದಿತ್ತು. ಇಡೀ ಕಾಶಿಯಲ್ಲಿ ಅವರನ್ನು ನಿರೀಕ್ಷಿಸುತ್ತಿದ್ದವರು ನಾವಿಬ್ಬರೇ, ಆ ವ್ಯವಸ್ಥೆ ಮತ್ತು ನಾನು. ಮನೆಯಲ್ಲಿ ಫೋನಿನ ಸದ್ದಾದರೆ ಓಡುತ್ತಿದ್ದೆ. “ಮಮ್ಮೀ, ನಂಬರ್ ಬದಲಾಯಿಸಿಬಿಡೋಣ, ನಿನ್ನ ಮುಖ ನೋಡಿದರೆ ನನಗೆ ಡರ್ ಆಗುತ್ತೆ” ಎಂದು ಮಗಳು ಎಷ್ಟೋ ಸಲ ಹೇಳಿದಳು. ರೇಗಿ ಬಾಯಿ ಮುಚ್ಚಿಸಿದೆ. ಒಂದು ಸಂಜೆ ಅವಳು ಕಾಲೇಜಿನಿಂದ ಬಂದವಳು, ನಾನು ಖಾಲಿ ಕೋಣೆಯಲ್ಲಿ ಫೋನಿಗೆ ಏನೋ ಹೇಳುತ್ತಿದ್ದುದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಬ್ಯಾಗನ್ನೂ ಇಳಿಸಿರಲಿಲ್ಲ.

ಮರುದಿನ ಮಧ್ಯಾಹ್ನ, ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಹೋದಾಗ, ಕೈಮುಗಿದು ಒತ್ತಿದೆ. ಖಚಿತವೇ ಎಂದು ಕೇಳಿತು. ನನ್ನ ಪರವಾಗಿ ತಲೆಯಾಡಿಸಲು ಎದುರಿಗೆ ಯಾರೂ ಇರಲಿಲ್ಲ. ನಾನೇ ಹೌದು ಎಂದೆ.

ಮನೆಗೆ ಬಂದಾಗ ಮಗಳು ಅವರ ಫೋನು ಹಿಡಿದು ನಿಂತಿದ್ದಳು. “ಅಪ್ಪನ ಫೋನಿಗೆ ಕನ್ನಡದಲ್ಲಿ ಏನೋ ಬಂದಿದೆ. ಓದು” ಎಂದಳು. ಗಟ್ಟಿಯಾಗಿ ಓದಿದೆ. ಅವಳು ‘ಕೇಳಿಕೊಂಡಂತೆ’ ಎಂಬ ಮಾತನ್ನು ಹಿಡಿದುಕೊಂಡಳು.

“ಅಪ್ಪ ಏನು ಕೇಳಿದ್ರು?”

“ಹೊರಟಾರವ್ವ. ಹೇಳಿ ಹೊರಟಾರ.”

“ಬರ್ತೀನಿ ಅಂತ?”

“ಅಲ್ಲ,” ಎಂದೆ. “ಹೋಗ್ತೀನಿ ಅಂತ.”

ಅವಳು ಬಾಗಿಲ ಕಡೆ ನೋಡಿದಳು. ಈ ಸಲ ತಿದ್ದಲು ಪೇಪರು ಕೆಳಗಿಡುವವರು ಯಾರೂ ಇರಲಿಲ್ಲ.