ತಣ್ಣೀರಿನಲ್ಲಿ ಮೂವತ್ತು ಎಣಿಸುವ ಓರ್ಲೀನ್

ಫೆಬ್ರವರಿಯ ಬೆಳಗು, ಆರೂಮುಕ್ಕಾಲು. ಹಾರ್ಲೋ ಸರೋವರದ ದೋಣಿಕಟ್ಟೆಯ ಹಲಗೆಗಳ ಮೇಲೆ ರಾತ್ರಿಯ ಹಿಮ ಇನ್ನೂ ಬೆಳ್ಳಗೆ ಕೂತಿದೆ. ಕಟ್ಟೆಯ ತುದಿಯಲ್ಲಿ ಮಗುಚಿ ಹಾಕಿದ ಹಾಲಿನ ಕ್ರೇಟಿನ ಮೇಲೆ ಓರ್ಲೀನ್ ಟ್ಯಾಕೆಟ್ ಕೂತಿದ್ದಾರೆ. ಮುಂದೆ ಒಂದು ಬಕೆಟ್ಟು, ಅದರಲ್ಲಿ ಈಗಷ್ಟೇ ಎತ್ತಿದ ಸರೋವರದ ನೀರು. ಬೆರಳುದ್ದದ, ಬಿಳಿ ಹೊಟ್ಟೆಯ ಮರದ ಮೀನೊಂದನ್ನು ಅದರೊಳಗೆ ಬಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಉಸಿರು ಬಿಗಿಹಿಡಿದು ನೋಡುತ್ತಾರೆ. ಮೀನು ತೇಲಬಾರದು, ಮುಳುಗಲೂಬಾರದು. ಬಾಗಿಲಿಗೆ ಬಂದವರು ಏನೋ ನೆನಪಾಗಿ ನಿಲ್ಲುತ್ತಾರಲ್ಲ, ಹಾಗೆ ನಡುನೀರಿನಲ್ಲಿ ಸುಮ್ಮನೆ ನಿಲ್ಲಬೇಕು.

ಇದು ನಿಲ್ಲುತ್ತಿಲ್ಲ. ಕೂದಲೆಳೆಯಷ್ಟು ಮೇಲೇಳುತ್ತಿದೆ. ಓರ್ಲೀನ್ ಅದನ್ನು ಎತ್ತಿ, ಹೊಟ್ಟೆಯಡಿಯ ಕೊಕ್ಕೆಗೆ ಸೀಸದ ತಂತಿಯನ್ನು ಇನ್ನೊಂದು ಸುತ್ತು ಸುತ್ತುತ್ತಾರೆ.

"ಅವಸರದ ಪ್ರಾಣಿ ಇದು," ಎನ್ನುತ್ತಾರೆ. "ಥೇಟ್ ನಮ್ಮಣ್ಣನ ಥರ."

ಈ ಮರದ ಮೀನಿಗೆ ಇಲ್ಲಿನವರು ಜರ್ಕ್‌ಬೈಟ್ ಎನ್ನುತ್ತಾರೆ. ಮಿಸೌರಿಯ ಈ ಗುಡ್ಡಗಾಡಿನಲ್ಲಿ ಚಳಿಗಾಲ ಬಂತೆಂದರೆ ಬಾಸ್ ಮೀನಿನ ಬೆನ್ನು ಹತ್ತಿದವರ ಪೆಟ್ಟಿಗೆಯಲ್ಲೆಲ್ಲ ಇದೇ. ದೂರಕ್ಕೆ ಎಸೆದು, ಗಾಳದ ಕೋಲಿನ ತುದಿಯನ್ನು ತಟಕ್ಕನೆ ಎರಡು ಸಲ ಕೆಳಗೆ ಜಗ್ಗಬೇಕು. ನೀರಿನೊಳಗೆ ಮರದ ಮೀನು ಗಾಯವಾದಂತೆ ಅತ್ತಿತ್ತ ಹೊರಳುತ್ತದೆ. ಆಮೇಲೆ ಸುಮ್ಮನಿರಬೇಕು. ವಿದ್ಯೆ ಇರುವುದು ಜಗ್ಗುವುದರಲ್ಲಲ್ಲ, ಸುಮ್ಮನಿರುವುದರಲ್ಲಿ.

"ಬೇಸಿಗೇಲಿ ಬಾಸ್ ಅಂದ್ರೆ ಪುಂಡ. ಏನೆಸೆದ್ರೂ ನುಂಗ್ತಾನೆ," ಎನ್ನುತ್ತಾರೆ ಓರ್ಲೀನ್. "ಈ ಚಳೀಲಿ ಅವನಿಗೆ ಮೈಯೆಲ್ಲಾ ಮರಗಟ್ಟಿರತ್ತೆ. ಊಟ ಮೂಗಿನ ಮುಂದೆ ನಿಂತಿದ್ರೂ ಯೋಚಿಸ್ತಾನೆ, ತಿನ್ಲೋ ಬೇಡ್ವೋ, ತಿನ್ಲೋ ಬೇಡ್ವೋ. ಅವನ ಯೋಚನೆ ಮುಗಿಯೋ ತನಕ ನಾವು ಕಾಯ್ಬೇಕು. ಹತ್ತು ಎಣಿಸಿ, ಇಪ್ಪತ್ತು ಎಣಿಸಿ. ಇವತ್ತಿನ ನೀರಿಗೆ ಮೂವತ್ತು."

ಬಕೆಟ್ಟಿನಲ್ಲಿ ಇಳಿಬಿಟ್ಟ ಉಷ್ಣಮಾಪಕ ನಲವತ್ತೊಂದು ತೋರಿಸುತ್ತಿದೆ. ಇಲ್ಲಿನವರ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಗಡ್ಡೆ ಕಟ್ಟಲು ಇನ್ನು ಒಂಬತ್ತೇ ಮೆಟ್ಟಿಲು. ಆ ನೀರಿನಲ್ಲಿ ಓರ್ಲೀನ್ ಬರಿಗೈ ಆಡಿಸುತ್ತಾರೆ. ಕೈಗವಸು ಹಾಕಿಕೊಂಡರೆ ತಂತಿಯ ಬಿಗಿ ಬೆರಳಿಗೆ ತಿಳಿಯುವುದಿಲ್ಲವಂತೆ. ಗೆಣ್ಣುಗಳೆಲ್ಲ ಒಡೆದು ಸೀಳಿವೆ. ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮಿನ ಹಸಿರು ಡಬ್ಬಿ ಪಕ್ಕದಲ್ಲೇ ಇದೆ.

ವಯಸ್ಸು ಅರವತ್ತಾರು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಬಡಿಸಿದವರು. ಗಂಡ ತೀರಿಕೊಂಡು ಆರು ವರ್ಷವಾಯಿತು. ಡಿಸೆಂಬರಿನಿಂದ ಮಾರ್ಚಿನವರೆಗೆ ಬೆಳಗಾಗುತ್ತಲೇ ಬಂದು ಕೂತರೆ ಹತ್ತು ಗಂಟೆಯೊಳಗೆ ಇಪ್ಪತ್ತು ಮೀನು ಸರಿಯಾಗಬೇಕು. ಒಂದೊಂದು ಮೀನೂ ಐದಾರು ಸಲ ನೀರಿಗಿಳಿಯುತ್ತದೆ. ನೀರು ಬಿಸಿಲಿಗೆ ಬೆಚ್ಚಗಾಗದಂತೆ ಕಾಲುಗಂಟೆಗೊಮ್ಮೆ ಬಕೆಟ್ಟು ಖಾಲಿ ಮಾಡಿ ಹೊಸದಾಗಿ ತುಂಬುತ್ತಾರೆ. ಇವರ ಕೈಯಲ್ಲಿ ಹದವಾದ ಮೀನಿಗೆ ಮೂರು ಜಿಲ್ಲೆಗಳಿಂದ ಜನ ಬರುತ್ತಾರೆ. ಅದರಿಂದ ಮೀನು ಹಿಡಿಯುವ ಪಂದ್ಯ ಗೆದ್ದವರು ವೇದಿಕೆ ಹತ್ತಿ ದೇವರನ್ನೂ ಹೆಂಡತಿಯನ್ನೂ ದೋಣಿಯ ಕಂಪನಿಯನ್ನೂ ನೆನೆಯುತ್ತಾರೆ. ಓರ್ಲೀನ್ ಹೆಸರು ಈವರೆಗೆ ಯಾರ ಬಾಯಲ್ಲೂ ಬಂದಿಲ್ಲ.

ಅದಕ್ಕೆ ಅವರಿಗೆ ಬೇಸರವೇನೂ ಇದ್ದಂತಿಲ್ಲ. ಬೇಸರವಿರುವುದು ಬೇರೆ ಕಡೆ. ಅದು ಕಟ್ಟೆಯಿಂದ ಎರಡು ಕಲ್ಲೆಸೆತದ ದೂರದಲ್ಲಿ, ನೀರಿನಲ್ಲಿ ಮುಳುಗಿದ ಸೀಡರ್ ಮರಗಳ ನೆತ್ತಿ ಕಾಣುವ ಜಾಗದಲ್ಲಿ, ದಿನಾ ಏಳು ಗಂಟೆಗೆ ಬಂದು ನಿಲ್ಲುತ್ತದೆ.

ಇವತ್ತೂ ಬಂದಿದೆ. ಹಸಿರು ಬಣ್ಣ ಮಾಸಿದ ಹಳೆಯ ದೋಣಿ, ಅದರಲ್ಲಿ ಬೆನ್ನು ಬಾಗಿದ ಒಂಟಿ ಮನುಷ್ಯ. ಓರ್ಲೀನರ ಅಣ್ಣ ಡೆಲ್ಬರ್ಟ್, ಐದು ವರ್ಷ ದೊಡ್ಡವರು.

ಹತ್ತೊಂಬತ್ತು ಚಳಿಗಾಲ ಇಬ್ಬರೂ ಅದೇ ದೋಣಿಯಲ್ಲಿ ಮೀನು ಹಿಡಿದವರು. ಮುಂದೆ ಅಣ್ಣ, ಹಿಂದಿನ ಸೀಟಿನಲ್ಲಿ ತಂಗಿ. ಡೆಲ್ಬರ್ಟ್ ಗುರಿಯಿಟ್ಟು ಎಸೆದರೆ ಕಾಫಿ ಲೋಟದೊಳಕ್ಕೂ ಬೀಳಿಸಬಲ್ಲರು. ತಾಳ್ಮೆಯೊಂದು ಮಾತ್ರ ಅವರಿಗೆ ಬಂದಿಲ್ಲ. ಏಳು ಎಣಿಸುವಷ್ಟರಲ್ಲಿ ಕೈ ತುರಿಸುತ್ತದೆ, ಜಗ್ಗಿಬಿಡುತ್ತಾರೆ. ಅದಕ್ಕೇ ಅಣ್ಣ ಜಗ್ಗಿ ನಿಲ್ಲಿಸಿದ ಕೂಡಲೇ ತಂಗಿ ಹಿಂದಿನಿಂದ ಅವರಿಗಷ್ಟೇ ಕೇಳುವಂತೆ ಬಾಯಿಬಿಟ್ಟು ಎಣಿಸುವುದು ಆ ದೋಣಿಯ ಪದ್ಧತಿಯಾಯಿತು. ಎಣಿಕೆ ಮುಗಿಯುವ ತನಕ ಡೆಲ್ಬರ್ಟ್ ಅಲ್ಲಾಡುತ್ತಿರಲಿಲ್ಲ. ದಡದ ಮೇಲಿನವರಿಗೆ ಈ ಗುಟ್ಟು ಗೊತ್ತಿರಲಿಲ್ಲ.

"ಬೆಳಗಿಂದ ಸಂಜೆ ತನಕ ನಾನು ಹೇಳ್ತಿದ್ದುದು ಒಂದು, ಎರಡು, ಮೂರು. ಅವನು ಹೇಳ್ತಿದ್ದುದು, ಕಾಫಿ ಕೊಡೇ," ಎಂದು ನಗುತ್ತಾರೆ ಓರ್ಲೀನ್. "ಅದಕ್ಕಿಂತ ಸುಖವಾದ ಮಾತುಕತೆ ನಾನು ಮದುವೆಯಾಗಿ ನಲವತ್ತು ವರ್ಷದಲ್ಲೂ ಆಡಿಲ್ಲ."

ಹನ್ನೊಂದು ವರ್ಷದ ಹಿಂದೆ, ಊರಿನ ಚಳಿಗಾಲದ ಪಂದ್ಯದ ಹಿಂದಿನ ಸಂಜೆ, ಓರ್ಲೀನ್ ಒಂದು ತಪ್ಪು ಮಾಡಿದರು. ಕೈ ಒಡೆದು ರಕ್ತ ಬರುತ್ತಿತ್ತು. ಸರೋವರದ ತನಕ ನಡೆಯಲು ಮನಸ್ಸಾಗಲಿಲ್ಲ. ಅಡುಗೆಮನೆಯ ಸಿಂಕಿನಲ್ಲಿ ಬೆಚ್ಚಗಿನ ನೀರು ತುಂಬಿಸಿ, ಅದರಲ್ಲೇ ಆರು ಮೀನು ಹದ ಮಾಡಿದರು. ಆರೂ ಚಂದವಾಗಿ ನಿಂತವು. ಆದರೆ ಬೆಚ್ಚಗಿನ ನೀರಿಗಿಂತ ತಣ್ಣೀರಿಗೆ ತೂಕ ಜಾಸ್ತಿ. ಮರುದಿನ ಸರೋವರ ಆ ಆರನ್ನೂ ಮೇಲಕ್ಕೆ ನೂಕಿತು. ತಂಗಿ ಮೂವತ್ತು ಎಣಿಸುವಷ್ಟರಲ್ಲಿ ಮರದ ಮೀನು ಮೊಳಗಟ್ಟಲೆ ಮೇಲೆದ್ದಿರುತ್ತಿತ್ತು, ಕೆಳಗಿದ್ದ ಬಾಸ್ ಒಮ್ಮೆ ನೋಡಿ ತಿರುಗಿಕೊಳ್ಳುತ್ತಿತ್ತು. ಸಂಜೆ ಮೀನು ತೂಗುವ ಕಟ್ಟೆಗೆ ಅಣ್ಣ ತಂಗಿ ಖಾಲಿ ಚೀಲ ತಂದರು.

ಏನಾಯಿತೆಂದು ಯಾರೋ ಕೇಳಿದರು. "ನಮ್ಮ ತಂಗಿ ಮೀನಿಗೆ ಬಿಸಿನೀರ ಸ್ನಾನ ಮಾಡಿಸಿದ್ಲು," ಎಂದರು ಡೆಲ್ಬರ್ಟ್. ಜನ ನಕ್ಕರು. ಓರ್ಲೀನ್‌ಗೆ ರೇಗಿತು. ಅಷ್ಟೂ ಜನರೆದುರು ತಿರುಗಿಸಿ ಕೊಟ್ಟರು: "ನಾನು ಎಣಿಸದೇ ಇದ್ರೆ ಇವನಿಗೆ ಹತ್ತರ ತನಕ ಬರಲ್ಲ. ಒಂದನೇ ಕ್ಲಾಸಿನವರಿಗೆ ಹೇಳ್ಕೊಡೋ ಹಾಗೆ ಹೇಳ್ಕೊಡ್ಬೇಕು." ಅಷ್ಟಕ್ಕೇ ಬಿಡದೆ, ಅಣ್ಣನ ಮುಖದ ಮುಂದೆ ಬೆರಳು ಮಡಚುತ್ತಾ ಒಂದರಿಂದ ಹತ್ತರವರೆಗೆ ಎಣಿಸಿಯೂ ಬಿಟ್ಟರು. ಐದಕ್ಕೆ ಬರುವಷ್ಟರಲ್ಲಿ ನೆರೆದವರೂ ದನಿಗೂಡಿಸಿದ್ದರು. ಆ ವರ್ಷವಿಡೀ ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಡೆಲ್ಬರ್ಟ್ ಕಂಡರೆ ಸಾಕು, ಯಾರಾದರೊಬ್ಬರು ಎಣಿಸಲು ಶುರು ಮಾಡುತ್ತಿದ್ದರು.

"ನೀರಿನ ತಪ್ಪನ್ನ ಅವನು ಮನೆ ದಾರೀಲೇ ಮರೀತಿದ್ದ," ಎನ್ನುತ್ತಾರೆ ಓರ್ಲೀನ್. "ನಾನು ಮಾಡಿದ್ದು ಮರೆಯೋ ಅಂಥದ್ದಲ್ಲ."

ಮಾತು ಬಿಟ್ಟಿದ್ದಾರೆಂದರೆ ಅದೂ ಅಲ್ಲ. ಹಬ್ಬದ ಊಟಕ್ಕೆ ಡೆಲ್ಬರ್ಟ್ ಬರುತ್ತಾರೆ, ಬಟ್ಟಲು ದಾಟಿಸುತ್ತಾರೆ, ಚಳಿ ಜಾಸ್ತಿಯಾಯಿತು ಎನ್ನುತ್ತಾರೆ. ಓರ್ಲೀನ್ ಎರಡು ಸಲ ಅವರ ಮನೆಗೇ ಹೋಗಿ ಕ್ಷಮೆ ಕೇಳಿದರು. "ಆಯ್ತು ಬಿಡು," ಎಂದು ಡೆಲ್ಬರ್ಟ್ ಕಾಫಿ ಕೊಟ್ಟರು. ಸರೋವರದ ಮಾತು ಮಾತ್ರ ಎತ್ತಲಿಲ್ಲ, ದೋಣಿಗೆ ಬಾ ಎನ್ನಲಿಲ್ಲ. ಅವತ್ತಿನಿಂದ ಓರ್ಲೀನ್ ಹದ ಮಾಡುವುದು ಸರೋವರದ ನೀರಿನಲ್ಲೇ. ಯಾರ ಎದುರೂ ಬಾಯಿಬಿಟ್ಟು ಎಣಿಸಿಲ್ಲ.

ತುಟಿಯೊಳಗಿನ ಎಣಿಕೆ ಮಾತ್ರ ನಿಂತಿಲ್ಲ. ದೂರದಲ್ಲಿ ಡೆಲ್ಬರ್ಟ್ ಎಸೆದು, ಎರಡು ಸಲ ಜಗ್ಗುತ್ತಾರೆ. ಓರ್ಲೀನರ ಕೈಯಲ್ಲಿ ತಂತಿ ನಿಲ್ಲುತ್ತದೆ, ತುಟಿ ಅಲುಗುತ್ತದೆ.

"ಏಳಕ್ಕೇ ಜಗ್ಗಿದ, ನೋಡಿದ್ರಾ? ಎಂಟಕ್ಕೆ ಬರ್ತಿತ್ತೇನೋ ಅದು, ಪಾಪ."

ತಂತಿಯನ್ನು ಕೆಳಗಿಡುತ್ತಾರೆ. "ನಂಗೆ ಮೀನು ಬೇಕಾಗಿಲ್ಲ. ಆ ಹಿಂದಿನ ಸೀಟು ಬೇಕು. ಅಲ್ಲೀಗ ಮರಳು ಮೂಟೆ ಇಟ್ಕೊಂಡಿದಾನೆ, ದೋಣಿ ಸಮ ಇರ್ಲಿ ಅಂತ. ನನ್ನ ತೂಕದಷ್ಟೇ ಇಟ್ಟಿದೀಯಾ ಅಂತ ಕೇಳ್ಬೇಕು ಅನ್ಸತ್ತೆ." ಹೀಗೆ ಹೇಳಿ ನಗಲು ನೋಡುತ್ತಾರೆ. ನಗು ಬರುವುದಿಲ್ಲ. ಹನ್ನೊಂದು ಚಳಿಗಾಲದಿಂದ ಅವರು ನೋಡುತ್ತಾ ಕೂತಿರುವುದು ಆ ಒಂದು ಬೆನ್ನನ್ನೇ.

ಕಟ್ಟೆಯ ಅಂಗಡಿಯ ಮಾಲೀಕ ಗ್ರೇಡಿ ಮಾಟ್ ಕಾಫಿ ಹಿಡಿದು ಬರುತ್ತಾರೆ. ಓರ್ಲೀನರ ಮೀನುಗಳನ್ನು ಮಾರುವವರು ಇವರೇ. ಡೆಲ್ಬರ್ಟ್ ಕೂಡ ಇಲ್ಲೇ ಕೊಳ್ಳುತ್ತಾರೆ, ಯಾರ ಕೈಯದೆಂದು ಕೇಳದೆ, ಗೊತ್ತಿಲ್ಲದವರ ಹಾಗೆ.

"ಮಿಸ್ ಓರ್ಲೀನ್, ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ," ಎನ್ನುತ್ತಾರೆ ಗ್ರೇಡಿ. "ಡೆಲ್ಬರ್ಟ್ ದೋಣಿ ಮಾರಿದ. ಮಂಡಿ ಕೇಳ್ತಿಲ್ವಂತೆ. ನಾಳೆ ಬಂದು ಒಯ್ತಾರೆ."

ಓರ್ಲೀನ್ ಕೈಯಲ್ಲಿದ್ದ ಮೀನನ್ನು ಬಕೆಟ್ಟಿನ ಅಂಚಿಗೆ ಸಿಕ್ಕಿಸುತ್ತಾರೆ. "ಹಾಗಾದ್ರೆ ಇವತ್ತೇ ಕೊನೇದು."

"ಹಾಗೇ ಅನ್ಸತ್ತೆ."

ಗಾಳಿಯ ಸುಳಿವಿಲ್ಲ. ಇಂಥ ಬೆಳಗಿನಲ್ಲಿ ಆಚೆ ದಡದ ನಾಯಿ ಕೆರೆದುಕೊಂಡರೂ ಈಚೆ ದಡಕ್ಕೆ ಕೇಳುತ್ತದೆ. ಡೆಲ್ಬರ್ಟ್ ಎಸೆಯುತ್ತಾರೆ. ಎರಡು ಸಲ ಜಗ್ಗುತ್ತಾರೆ.

"ಒಂದು," ಎನ್ನುತ್ತಾರೆ ಓರ್ಲೀನ್, ಗಟ್ಟಿಯಾಗಿ.

ಗ್ರೇಡಿ ಬೆಚ್ಚಿ ಅವರ ಭುಜ ಹಿಡಿಯುತ್ತಾರೆ. "ಬೇಡ ಮಿಸ್ ಓರ್ಲೀನ್. ಅಣಕಿಸ್ತಿದೀರಿ ಅಂದ್ಕೊಂಡ್ರೆ ಹಬ್ಬದ ಊಟಕ್ಕೂ ಬರಲ್ಲ ಅವನು."

"ಗೊತ್ತು. ಎರಡು."

ದನಿ ನೀರಿನ ಮೇಲೆ ಜಾರಿಕೊಂಡು ಹೋಗುತ್ತದೆ. ಮೂರು. ನಾಲ್ಕು. ದೂರದ ಬೆನ್ನು ಸೆಟೆದುಕೊಳ್ಳುತ್ತದೆ. ಏಳಕ್ಕೆ ಡೆಲ್ಬರ್ಟರ ಮೊಣಕೈ ಮೇಲೇಳುತ್ತದೆ, ಹಾಗೇ ಕೆಳಗಿಳಿಯುತ್ತದೆ. ಎಂಟು. ಒಂಬತ್ತು. ಹತ್ತು ಎನ್ನುವಾಗ ಓರ್ಲೀನ್ ಬಕೆಟ್ಟಿನ ಅಂಚನ್ನು ಹಿಡಿದುಕೊಳ್ಳುತ್ತಾರೆ. ಅವತ್ತು ಜನ ಹೋ ಎಂದು ನಕ್ಕದ್ದು ಆ ಹತ್ತಕ್ಕೇ. ಉಸಿರೆಳೆದುಕೊಂಡು ಹನ್ನೊಂದು ಎನ್ನುತ್ತಾರೆ. ಇಪ್ಪತ್ತು ದಾಟುತ್ತದೆ. ಮೂವತ್ತಾಗುತ್ತದೆ.

ಮೀನು ಬೀಳಲಿಲ್ಲ. ಡೆಲ್ಬರ್ಟ್ ದಾರ ಸುತ್ತಿಕೊಳ್ಳುತ್ತಾರೆ. ಕಟ್ಟೆಯ ಕಡೆ ತಿರುಗಿ ನೋಡುವುದಿಲ್ಲ, ಕೈ ಎತ್ತುವುದಿಲ್ಲ. ಓರ್ಲೀನ್ ತಲೆ ತಗ್ಗಿಸಿ ಸೀಸದ ತಂತಿಗೆ ಕೈ ಹಾಕುತ್ತಾರೆ.

ಡೆಲ್ಬರ್ಟ್ ಅದೇ ಜಾಗಕ್ಕೆ ಮತ್ತೆ ಎಸೆಯುತ್ತಾರೆ. ಎರಡು ಸಲ ಜಗ್ಗಿ, ಕೋಲಿನ ತುದಿಯನ್ನು ನೀರಿಗೆ ತಾಗುವಂತೆ ಇಳಿಸಿ ನಿಲ್ಲುತ್ತಾರೆ. ಏಳು ಎಣಿಸುವಷ್ಟು ಹೊತ್ತಾಗುತ್ತದೆ, ಹತ್ತು ಎಣಿಸುವಷ್ಟಾಗುತ್ತದೆ. ಅವರು ಅಲ್ಲಾಡುವುದಿಲ್ಲ.

"ಏನಾಯ್ತು ಇವನಿಗೆ?" ಎನ್ನುತ್ತಾರೆ ಗ್ರೇಡಿ. "ಮರಕ್ಕೆ ಸಿಕ್ಕಿಹಾಕ್ಕೊಂಡಿತಾ?"

ಓರ್ಲೀನ್ ತಲೆಯೆತ್ತಿ ನೋಡುತ್ತಾರೆ. ಒಡೆದ ಕೈಯ ಹಿಂಭಾಗದಿಂದ ಕಣ್ಣೊರೆಸಿಕೊಂಡು ಎದ್ದು ನಿಲ್ಲುತ್ತಾರೆ.

"ಇಲ್ಲ," ಎನ್ನುತ್ತಾರೆ. "ನಾನಿನ್ನೂ ಒಂದು ಅಂದಿಲ್ವಲ್ಲ."