ಮರಳುಗಾಡಿಗೆ ಲಗ್ಗೆರೆಯಲ್ಲಿ ತಾಲೀಮು

ನನಗೆ ವಾಹನದಲ್ಲಿ ಕುಳಿತರೆ ವಾಂತಿಯಾಗುತ್ತದೆ. ಅರವತ್ತೆರಡು ವರ್ಷದ ಗಂಡಸು ಹೇಳಿಕೊಳ್ಳುವ ವಿಷಯವೇ ಇದು ಎಂದು ನೀವು ಮುಖ ಸಿಂಡರಿಸಬಹುದು. ಅದಕ್ಕೇ ನಾನೂ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಮುಖ್ಯವಾಗಿ ಹೆಂಡತಿಗೆ. ರೈಲು ನನ್ನನ್ನು ಏನೂ ಮಾಡುವುದಿಲ್ಲ. ಸ್ಕೂಟರನ್ನು ನಾನೇ ಓಡಿಸಿದರೆ ತೊಂದರೆಯಿಲ್ಲ, ಬೆಂಗಳೂರಿನೊಳಗಿನ ಮದುವೆ ಮುಂಜಿಗಳಿಗೆಲ್ಲ ಅದೇ ಸಾಕಾಗುತ್ತಿತ್ತು. ಬಸ್ಸು, ಕಾರು, ಜೀಪು ಹತ್ತಿ ನಾಲ್ಕು ತಿರುವು ಕಳೆದರೆ ಮಾತ್ರ ಹೊಟ್ಟೆಯೊಳಗಿನದೆಲ್ಲ ಪ್ರಪಂಚ ನೋಡಲು ಹೊರಡುತ್ತದೆ. ದಾವಣಗೆರೆಯ ಹೆಣ್ಣನ್ನು ಒಪ್ಪಿಕೊಂಡಾಗ ಆ ಊರಿಗೆ ರೈಲಿದೆ ಎಂಬ ಸಮಾಧಾನವೂ ಮನಸ್ಸಿನಲ್ಲಿತ್ತು ಎಂಬುದನ್ನು ಈಗ ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ, ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ, ಮೂವತ್ತು ವರ್ಷ ಇದ್ದೆ. ಸಹೋದ್ಯೋಗಿಗಳು ಸಂಸಾರ ಸಮೇತ ಬಸ್ಸು ಮಾಡಿಕೊಂಡು ಊಟಿಗೋ ಆಗುಂಬೆಗೋ ಹೊರಟಾಗಲೆಲ್ಲ ನಾನು ಮನೆಗೆ ಬಂದು ಆಡಿಟ್ ಇದೆ ಎನ್ನುತ್ತಿದ್ದೆ. ನನ್ನ ಹೆಂಡತಿ ಶಿವಲೀಲಾ ಸುಮ್ಮನೆ ಒಳಗೆ ಹೋಗುತ್ತಿದ್ದಳು. ನಮ್ಮ ವಿಭಾಗದಲ್ಲಿ ನಡೆದಷ್ಟು ಆಡಿಟ್ಟು ದೇಶದ ಯಾವ ಬ್ಯಾಂಕಿನಲ್ಲೂ ನಡೆದಿರಲಿಕ್ಕಿಲ್ಲ.

ನಿವೃತ್ತಿಯಾದ ಮೇಲೆ ಆಡಿಟ್ ಎಲ್ಲಿಂದ ತರಲಿ? ಹೋದ ತಿಂಗಳು ಅವಳು ನಾಗಸಂದ್ರದ ಟ್ರಾವೆಲ್ಸ್‌ನಿಂದ ಒಂದು ಬಣ್ಣದ ಕಾಗದ ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಜೈಸಲ್ಮೇರಿನ ತನಕ ರೈಲು. ಅಲ್ಲಿ ಮರಳಿನ ದಿಬ್ಬಗಳ ಮೇಲೆ ಜೀಪಿನಲ್ಲಿ ಏರುವುದು, ಇಳಿಯುವುದು, ಮತ್ತೆ ಏರುವುದು. ಆಮೇಲೆ ಒಂಟೆ ಸವಾರಿ, ಡೇರೆಯಲ್ಲಿ ವಾಸ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ, ಬಸುರಿಯರು, ಬೆನ್ನುನೋವಿನವರು, ಪ್ರಯಾಣದಲ್ಲಿ ವಾಂತಿಯಾಗುವವರು ಜೀಪು ಹತ್ತಬಾರದೆಂದು ಬರೆದಿತ್ತು. ಯಂತ್ರದ ನಕ್ಷೆಗಳ ಮೂಲೆಯ ಸಣ್ಣಕ್ಷರ ಓದಿಯೇ ಬದುಕಿದವನಿಗೆ ಬೇರೇನು ಕಂಡೀತು? ಈ ಸಲ ನಿಮ್ಮದು ಏನಿದೆ ಎಂದು ಅವಳು ಕೇಳಿದಳು. ಏನೂ ಇಲ್ಲ, ಹೋಗೋಣ ಎಂದುಬಿಟ್ಟೆ.

ಹೇಳಿದ ಮೇಲೆ ಒಂಟೆಯ ಬಗ್ಗೆ ಓದಲು ಕೂತೆ. ಅದು ಒಂದು ಪಕ್ಕದ ಎರಡೂ ಕಾಲುಗಳನ್ನು ಒಟ್ಟಿಗೇ ಎತ್ತಿಡುತ್ತದಂತೆ. ಮೇಲೆ ಕೂತವನು ಎಡಕ್ಕೂ ಬಲಕ್ಕೂ ತೂಗಾಡುತ್ತಾನೆ. ಶಾಲೆಯ ಪಾಠದಲ್ಲಿ ಅದನ್ನು ಮರುಭೂಮಿಯ ಹಡಗು ಎಂದದ್ದು ಹೊಗಳಿಕೆಯೆಂದು ತಿಳಿದಿದ್ದೆ, ಎಚ್ಚರಿಕೆಯೆಂದು ಈಗ ಗೊತ್ತಾಯಿತು. ನಮ್ಮ ಹಿರಿಯರು ಜಾಣರು. ಮರುಭೂಮಿ ನೋಡದೆಯೇ ಬಿಸಿಲುಗುದುರೆ ಎಂಬ ಚಂದದ ಮಾತು ಕಟ್ಟಿದರು, ಆದರೆ ಆ ಕುದುರೆ ಹತ್ತಲು ಯಾರನ್ನೂ ಕರೆಯಲಿಲ್ಲ. ಪೀಣ್ಯದ ಡಾಂಬರು ರಸ್ತೆಯ ಮೇಲೆ ಏಪ್ರಿಲ್ ಮಧ್ಯಾಹ್ನ ಎಷ್ಟು ಬೇಕಾದರೂ ಬಿಸಿಲುಗುದುರೆಗಳು ಸಿಗುತ್ತವೆ, ಅವುಗಳನ್ನು ನಿಂತಲ್ಲಿಂದಲೇ ನೋಡಿದರೆ ಸಾಕು.

ಕಾರ್ಖಾನೆಯಲ್ಲಿ ನಮಗೊಂದು ನಿಯಮವಿತ್ತು. ಓಡಿಸಿ ನೋಡದೆ ಯಾವ ಯಂತ್ರವನ್ನೂ ಹೊರಗೆ ಕಳಿಸುವಂತಿಲ್ಲ. ನನ್ನನ್ನೂ ಹಾಗೇ ಪರೀಕ್ಷೆಗೆ ಒಡ್ಡೋಣ ಎಂದುಕೊಂಡೆ. ಜಾಲಹಳ್ಳಿಯಲ್ಲಿ ನಮ್ಮ ಕಡೆಯ ರಸ್ತೆಗಳು ನೆಟ್ಟಗಿವೆ, ಈ ಕೆಲಸಕ್ಕೆ ಪ್ರಯೋಜನವಿಲ್ಲ. ಲಗ್ಗೆರೆಯಲ್ಲಿ ಪೈಪು ಹಾಕಲು ಅಗೆದ ಬೀದಿಗಳಿದ್ದವು. ಅಲ್ಲಿ ಆಟೋ ಓಡಿಸುವ ಸಿದ್ದಣ್ಣ, ಲಗ್ಗೆರೆ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲಿಯವನೇ, ಎಲ್ಲಿಗೆ ಎಂದು ಕೇಳಿದ. ಎಲ್ಲಿಗೂ ಅಲ್ಲ, ಗುಂಡಿ ಇರುವ ಕಡೆ ಅರ್ಧ ಗಂಟೆ ಸುತ್ತಿಸಪ್ಪ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದ.

"ಒಳ್ಳೆ ರೋಡ್ ಕೇಳಿದ್ರೆ ಕಷ್ಟ ಸಾರ್. ಗುಂಡಿ ಎಷ್ಟ್ ಬೇಕೇಳಿ, ತೋರಿಸ್ತೀನಿ."

ತೋರಿಸಿದ. ಯಾಕೆಂದು ಅವನಿಗೆ ಹೇಳಲೇಬೇಕಾಯಿತು. ಮೊದಲ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿದ್ದೆ, ಎರಡನೆಯ ದಿನ ಶುಂಠಿ ಅಗಿದು, ಮೂರನೆಯ ದಿನ ಮಾತ್ರೆ ನುಂಗಿ. ಹಳೆಯ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಎರಡು ಸಲ ತಿರಸ್ಕೃತ ಎಂದು ಬರೆದೆ. ಮೂರನೆಯ ಫಲಿತಾಂಶ ಬರೆಯಲು ಆಗಲಿಲ್ಲ. ನಾನು ಮೋರಿಯ ಪಕ್ಕ ಬಗ್ಗಿ ಕೂತಿದ್ದೆ, ಸಿದ್ದಣ್ಣ ಬೆನ್ನು ನೀವುತ್ತಿದ್ದ, ಅಷ್ಟರಲ್ಲಿ ಎದುರಿನ ಟೈಲರ್ ಅಂಗಡಿಯಿಂದ ರವಿಕೆಗಳ ಚೀಲ ಹಿಡಿದುಕೊಂಡು ಶಿವಲೀಲಾ ಹೊರಗೆ ಬಂದಳು. ಪ್ರವಾಸಕ್ಕೆಂದೇ ಹೊಲಿಸಿದ ರವಿಕೆಗಳವು.

ನನಗೆ ಎದೆನೋವು ಬಂದಿದೆಯೆಂದು ಹೆದರಿ ಓಡಿ ಬಂದಳು. ಹಾಗೇ ಬಿಟ್ಟಿದ್ದರೆ ಎದೆನೋವೆಂದೇ ಹೇಳಿ ಪಾರಾಗುತ್ತಿದ್ದೆನೇನೋ, ಆದರೆ ಸಿದ್ದಣ್ಣ ಸತ್ಯಸಂಧ.

"ಏನಿಲ್ಲ ಅಕ್ಕ, ಮೂರ್ ದಿವ್ಸದಿಂದ ಇಂಗೇ. ಅದೆಲ್ಲೋ ಮರಳಲ್ಲಿ ಜೀಪ್ ಅತ್ತಬೇಕಂತೆ, ಅದ್ಕೆ ಪ್ರಾಕ್ಟೀಸು."

ಆಟೋದ ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಮೂವತ್ತು ವರ್ಷದ ಆಡಿಟ್ಟುಗಳನ್ನು ಒಂದೊಂದಾಗಿ ವಾಪಸ್ಸು ತೆಗೆದುಕೊಂಡೆ. ನಗುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ.

"ನಿಮಗೆ ನನ್ ಜೊತೆ ಎಲ್ಲಿಗೂ ಬರೋಕೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ ಕಣ್ರೀ."

ಈ ಮಾತಿಗೆ ಯಾವ ಔಷಧಿ ಅಂಗಡಿಯಲ್ಲೂ ಮಾತ್ರೆಯಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಗಂಡಸಿನ ಮರ್ಯಾದೆ ಉಳಿಸಿಕೊಳ್ಳಲು ನಾನು ಹೇಳಿದ ಸುಳ್ಳನ್ನು ಅವಳು ಇಷ್ಟು ವರ್ಷ ತನ್ನ ಮೇಲೆ ಹಾಕಿಕೊಂಡು ಕೂತಿದ್ದಳು. ನನಗೆ ಆಗುವುದಿಲ್ಲ, ನೀನು ಹೋಗಿ ಬಾ ಎಂದು ಒಂದೇ ಒಂದು ಸಲ ಅಂದಿದ್ದರೆ ಊಟಿ, ಆಗುಂಬೆಗಳನ್ನೆಲ್ಲ ಅವಳು ಎಂದೋ ನೋಡಿ ಬಂದಿರುತ್ತಿದ್ದಳು.

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಹೊಟ್ಟೆಯನ್ನು ಇನ್ನೂ ಪೂರ್ತಿ ನಂಬುವ ಹಾಗಿರಲಿಲ್ಲ, ಮುಚ್ಚಿದೆ. ಅವಳು ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, ಫೋನು ತೆಗೆದು ಟ್ರಾವೆಲ್ಸಿನವರಿಗೆ ಮಾಡಿದಳು. ಜೀಪಿಗೂ ಒಂಟೆಗೂ ತನ್ನ ಹೆಸರೊಂದೇ ಬರೆದುಕೊಳ್ಳಬೇಕೆಂದೂ ಜೀಪಿನಲ್ಲಿ ಮುಂದಿನ ಸೀಟೇ ಆಗಬೇಕೆಂದೂ ಹೇಳಿದಳು. ಹಾಗಾದರೆ ಸಾರ್ ಏನು ಮಾಡುತ್ತಾರೆ ಎಂದು ಆ ಕಡೆಯವರು ಕೇಳಿರಬೇಕು.

"ನೆರಳಿರೋ ಕಡೆ ಒಂದು ಕುರ್ಚಿ ಹಾಕ್ಸಿ, ದಿಬ್ಬ ಪೂರ್ತಿ ಕಾಣೋ ಹಾಗೆ," ಎಂದಳು. "ನಮ್ಮೆಜಮಾನ್ರು ನನ್ನ ನೋಡ್ತಾ ಕೂತಿರ್ತಾರೆ."